ಕಡಲಡಿಯ ಕೊಳವೆಯಲ್ಲಿ ಎರಡು ದ್ರವಗಳು: ರಷ್ಯಾದ ಕ್ಷಿಪಣಿ ದಾರಿ ಎಲ್ಲಿಂದ ಎಲ್ಲಿಗೆ?

2025ರ ಅಕ್ಟೋಬರ್ 22ರಂದು ರಷ್ಯಾ ತನ್ನ ವಾರ್ಷಿಕ ಅಣ್ವಸ್ತ್ರ ಕವಾಯತು ನಡೆಸಿತು. ಅಂದು ಬ್ಯಾರೆಂಟ್ಸ್ ಸಮುದ್ರದಲ್ಲಿದ್ದ ‘ಬ್ರಿಯಾನ್ಸ್ಕ್’ ಜಲಾಂತರ್ಗಾಮಿಯಿಂದ ‘ಸಿನೆವಾ’ ಎಂಬ ಕ್ಷಿಪಣಿ ಮೇಲೆದ್ದಿತು. ಸುದ್ದಿಯಲ್ಲಿ ಇದಕ್ಕೆ ಸಿಕ್ಕಿದ್ದು ಒಂದೆರಡು ಸಾಲು. ಆದರೆ ಕ್ಷಿಪಣಿ ತಂತ್ರಜ್ಞಾನವನ್ನು ಗಮನಿಸುವವರಿಗೆ ಅದರಲ್ಲಿ ಹೆಚ್ಚಿನ ವಿಷಯವಿದೆ. ಅಮೆರಿಕ, ಬ್ರಿಟನ್, ಫ್ರಾನ್ಸ್, ಚೀನಾ ಮತ್ತು ಭಾರತದ ಜಲಾಂತರ್ಗಾಮಿಗಳಲ್ಲಿರುವ ಬ್ಯಾಲಿಸ್ಟಿಕ್ ಕ್ಷಿಪಣಿಗಳೆಲ್ಲವೂ ಘನ ಇಂಧನದವು. ಸಿನೆವಾ ಮಾತ್ರ ದ್ರವ ಇಂಧನದ್ದು. ಉಳಿದವರು ಹತ್ತಿರಕ್ಕೂ ಬಿಟ್ಟುಕೊಳ್ಳದ ತಂತ್ರವನ್ನು ರಷ್ಯನ್ನರು 70 ವರ್ಷ ಸಾಕಿಕೊಂಡು ಬಂದದ್ದೇಕೆ, ಅದರಿಂದ ಪಡೆದದ್ದೇನು, ತೆತ್ತದ್ದೇನು ಎಂಬುದನ್ನು ಈಗ ನೋಡಬೇಕು. ಏಕೆಂದರೆ ಈ ಕ್ಷಿಪಣಿಗಳನ್ನು ಹೊತ್ತ ಹಡಗುಗಳು ಒಂದೊಂದಾಗಿ ನಿವೃತ್ತಿಯ ಕಡೆಗೆ ಸಾಗುತ್ತಿವೆ.

ಮೊದಲು ಆ ದ್ರವಗಳ ವಿಷಯ. ಒಂದು ಇಂಧನ, ಅನ್‌ಸಿಮೆಟ್ರಿಕಲ್ ಡೈಮಿಥೈಲ್ ಹೈಡ್ರಜೀನ್, ಚಿಕ್ಕದಾಗಿ ಯುಡಿಎಂಎಚ್. ಇನ್ನೊಂದು ಅದನ್ನು ಉರಿಸುವ ನೈಟ್ರೋಜನ್ ಟೆಟ್ರಾಕ್ಸೈಡ್. ನಮ್ಮ ಪಿಎಸ್‌ಎಲ್‌ವಿಯ ಎರಡನೇ ಹಂತವೂ ಇದೇ ಕುಟುಂಬದ ಜೋಡಿಯಿಂದಲೇ ಉರಿಯುತ್ತದೆ. ಇವು ಪರಸ್ಪರ ತಾಗಿದರೆ ಸಾಕು, ಕಿಡಿ ಬೇಕಿಲ್ಲ, ತಾವಾಗಿಯೇ ಹೊತ್ತಿಕೊಳ್ಳುತ್ತವೆ. ದ್ರವ ಆಮ್ಲಜನಕದ ಹಾಗೆ ಗಂಟೆಗಟ್ಟಲೆ ಕುದಿದು ಖಾಲಿಯಾಗುವುದಿಲ್ಲ, ಟ್ಯಾಂಕಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಇರುತ್ತವೆ. ಸೇನೆಗೆ ಬೇಕಾದ ಗುಣ ಅದೇ. ಅಪಾಯದ ಗುಣಗಳೂ ಕಡಿಮೆಯಿಲ್ಲ. ನೈಟ್ರೋಜನ್ ಟೆಟ್ರಾಕ್ಸೈಡ್ ಕುದಿಯುವುದು ಸುಮಾರು 21 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಬೆಂಗಳೂರಿನ ಚಳಿಗಾಲದ ಬೆಳಗಿನ ಬಿಸಿಲಿಗೇ ಅದು ಆವಿಯಾಗಲು ಹೊರಡುತ್ತದೆ. ಹಾಗಾಗಿ ಅದನ್ನು ಒತ್ತಡದಲ್ಲಿ ಮುಚ್ಚಿಡಲೇಬೇಕು. ನೀರು ಸೋಕಿದರೆ ನೈಟ್ರಿಕ್ ಆಮ್ಲವಾಗಿ ಲೋಹವನ್ನೂ ರಬ್ಬರ್ ಸೀಲನ್ನೂ ತಿನ್ನುತ್ತದೆ. ಅದರ ಕಂದು ಆವಿ ಉಸಿರಿಗೆ ಹೋದವನು ಮೊದಲಿಗೆ ಚೆನ್ನಾಗಿಯೇ ಇರಬಹುದು. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಎಷ್ಟೋ ಗಂಟೆಗಳ ನಂತರ. ಯುಡಿಎಂಎಚ್ ಚರ್ಮದ ಮೂಲಕವೂ ಒಳಸೇರುವ ವಿಷ. ಇವೆರಡನ್ನೂ ಟನ್‌ಗಟ್ಟಲೆ ತುಂಬಿಕೊಂಡ 16 ಕ್ಷಿಪಣಿಗಳ ಪಕ್ಕದಲ್ಲಿ ನೂರಕ್ಕೂ ಹೆಚ್ಚು ಜನ ಎರಡು ಮೂರು ತಿಂಗಳು ಕಿಟಕಿಯಿಲ್ಲದ ಹಡಗಿನಲ್ಲಿ ಮಲಗಿ ಏಳಬೇಕು.

ಅಮೆರಿಕದ ನೌಕಾಪಡೆ ಈ ಅಪಾಯವನ್ನು ಬೇಗ ಅಳೆಯಿತು. 1947ರ ಸೆಪ್ಟೆಂಬರ್ 6ರಂದು ‘ಮಿಡ್‌ವೇ’ ವಿಮಾನವಾಹಕ ಹಡಗಿನ ಮೇಲಿಂದ ಜರ್ಮನಿಯ ವಿ-2 ರಾಕೆಟ್ ಒಂದನ್ನು ಹಾರಿಸಿ ನೋಡಿದರು. ಆಮೇಲೆ ವೈಟ್ ಸ್ಯಾಂಡ್ಸ್ ಮರುಭೂಮಿಯಲ್ಲಿ ಹಡಗಿನ ಡೆಕ್ಕಿನ ಮಾದರಿ ಕಟ್ಟಿ, ಇಂಧನ ತುಂಬಿದ ರಾಕೆಟನ್ನು ಬೇಕೆಂದೇ ಅದರ ಮೇಲೆ ಕೆಡವಿ, ಏನಾಗುತ್ತದೆಂದು ಪರೀಕ್ಷಿಸಿದರು. ಫಲಿತಾಂಶ ನಾವಿಕರ ನಿದ್ದೆಗೆಡಿಸುವಂತಿತ್ತು. 1950ರ ದಶಕದ ನಡುವೆ ಭೂಸೇನೆಯ ದ್ರವ ಇಂಧನದ ‘ಜುಪಿಟರ್’ ಕ್ಷಿಪಣಿಯನ್ನೇ ಹಡಗಿಗೆ ಹೊಂದಿಸುವ ಯೋಜನೆ ಬಂದಾಗ ನೌಕಾಪಡೆ ಅದರಿಂದ ಹೊರಬಂದು, ಘನ ಇಂಧನದ ಪೊಲಾರಿಸ್‌ಗೆ ಕೈಹಾಕಿತು. 1960ರ ಜುಲೈ 20ರಂದು ‘ಜಾರ್ಜ್ ವಾಷಿಂಗ್ಟನ್’ ಜಲಾಂತರ್ಗಾಮಿ ನೀರಿನಡಿಯಿಂದ ಪೊಲಾರಿಸ್ ಹಾರಿಸಿತು. ಅಮೆರಿಕದ ಮಟ್ಟಿಗೆ ಚರ್ಚೆ ಅಲ್ಲಿಗೆ ಮುಗಿಯಿತು.

ಸೋವಿಯತ್ ಒಕ್ಕೂಟಕ್ಕೆ ಆ ಆಯ್ಕೆ ಇರಲಿಲ್ಲ. ಒಂದು ಮೀಟರಿಗಿಂತ ಅಗಲದ ಘನ ಇಂಧನದ ದಿಂಡನ್ನು ಒಂದೂ ಬಿರುಕು, ಒಂದೂ ಗಾಳಿಗುಳ್ಳೆ ಇಲ್ಲದಂತೆ ಎರಕ ಹೊಯ್ಯಲು ಬೇಕಾದ ರಸಾಯನ ಉದ್ಯಮ ಅಲ್ಲಿ ಬೆಳೆದಿರಲಿಲ್ಲ. ಬಿರುಕು ಬಿಟ್ಟ ದಿಂಡಿನಲ್ಲಿ ಉರಿಯುವ ಮೇಲ್ಮೈ ಒಮ್ಮೆಲೇ ಹಿಗ್ಗಿ, ಒತ್ತಡ ಏರಿ, ಮೋಟಾರು ಸಿಡಿಯುತ್ತದೆ. ಅವರ ಕೈಯಲ್ಲಿದ್ದದ್ದು ಒಳ್ಳೆಯ ದ್ರವ ಎಂಜಿನ್. ಹಾಗಾಗಿ ರಾಕೆಟ್ ವಿನ್ಯಾಸಕಾರ ಸೆರ್ಗೆಯ್ ಕೊರೊಲ್ಯೋವ್ ತಮ್ಮ ಭೂಸೇನೆಯ ಆರ್-11 ಕ್ಷಿಪಣಿಯನ್ನೇ ಕಡಲಿಗೆ ತಂದರು. 1991ರ ಕೊಲ್ಲಿ ಯುದ್ಧದ ಸುದ್ದಿಗಳಲ್ಲಿ ನಾವು ಓದಿದ ‘ಸ್ಕಡ್’ ಇದೇ ವಂಶದ್ದು. ನೈಟ್ರಿಕ್ ಆಮ್ಲ ಮತ್ತು ಸೀಮೆಎಣ್ಣೆಯಲ್ಲಿ ಓಡುವ ಅದರ ಎಂಜಿನ್ ಅಲೆಕ್ಸೆಯ್ ಇಸಾಯೆವ್ ಅವರದು. 1955ರ ಸೆಪ್ಟೆಂಬರ್ 16ರಂದು ಬಿಳಿ ಸಮುದ್ರದಲ್ಲಿ ಬಿ-67 ಜಲಾಂತರ್ಗಾಮಿಯಿಂದ ಆರ್-11ಎಫ್‌ಎಂ ಹಾರಿತು. ಜಲಾಂತರ್ಗಾಮಿಯಿಂದ ಹಾರಿದ ಮೊದಲ ಬ್ಯಾಲಿಸ್ಟಿಕ್ ಕ್ಷಿಪಣಿ ಅದು, ಕೊರೊಲ್ಯೋವ್ ಆಗ ಹಡಗಿನಲ್ಲೇ ಇದ್ದರು. ವ್ಯಾಪ್ತಿ 150 ಕಿ.ಮೀ. ಮಾತ್ರ. ಹಡಗು ಮೇಲ್ಮೈಗೆ ಬಂದು, ಕ್ಷಿಪಣಿಯನ್ನು ಕೊಳವೆಯ ಬಾಯಿಗೆ ಎತ್ತಿ, ಅಲೆಯ ಓಲಾಟದ ನಡುವೆ ಹಾರಿಸಬೇಕಿತ್ತು.

ಅದೇ ವರ್ಷ ಈ ಕೆಲಸ ಉರಾಲ್ ಪ್ರಾಂತದ ಎಸ್‌ಕೆಬಿ-385 ಎಂಬ ವಿನ್ಯಾಸ ಕಚೇರಿಗೆ ವರ್ಗವಾಯಿತು. ಅದರ ಮುಖ್ಯಸ್ಥ ವಿಕ್ತರ್ ಮಕೇಯೆವ್, ವಯಸ್ಸು 30. ಮುಂದಿನ ಮೂರು ದಶಕ, 1985ರಲ್ಲಿ ತೀರಿಕೊಳ್ಳುವವರೆಗೆ, ಸೋವಿಯತ್ ನೌಕಾಪಡೆಯ ಬಹುತೇಕ ಎಲ್ಲ ಬ್ಯಾಲಿಸ್ಟಿಕ್ ಕ್ಷಿಪಣಿಗಳೂ ಅವರ ಕೈಯಿಂದಲೇ ಬಂದವು. ಅವರ ಮೊದಲ ದೊಡ್ಡ ಕ್ಷಿಪಣಿ ಆರ್-13 ತಂತ್ರದ ತೊಡಕನ್ನು ಎತ್ತಿ ತೋರಿಸಿತು. ಎರಡೂ ದ್ರವಗಳನ್ನು ಕ್ಷಿಪಣಿಯಲ್ಲಿಡುವ ಧೈರ್ಯವಿಲ್ಲದೆ, ಇಂಧನವನ್ನು ಉರಿಸುವ ದ್ರವವಾದ ಆಕ್ಸಿಡೈಸರನ್ನು ಮಾತ್ರ ಅದರಲ್ಲಿ ತುಂಬಿ, ಇಂಧನವನ್ನು ಹಡಗಿನ ಬೇರೆ ಟ್ಯಾಂಕಿನಲ್ಲಿಟ್ಟು, ಹಾರಿಸುವ ಮೊದಲು ಪಂಪು ಮಾಡುತ್ತಿದ್ದರು. ಶತ್ರುವಿನ ತೀರದಿಂದ 600 ಕಿ.ಮೀ. ಒಳಗೆ ಬಂದು, ನೀರಿನ ಮೇಲೆ ಎದ್ದು, ಇಂಧನ ತುಂಬುತ್ತಾ ಕೂರುವ ಹಡಗಿಗೆ ಯುದ್ಧದಲ್ಲಿ ಎಷ್ಟು ಆಯುಸ್ಸು? 1963ರಲ್ಲಿ ಸೇವೆಗೆ ಬಂದ ಆರ್-21 ನೀರಿನಡಿಯಿಂದಲೇ ಹಾರುವಂತಾಯಿತು, ವ್ಯಾಪ್ತಿಯೂ 1,400 ಕಿ.ಮೀ. ದಾಟಿತು. ಆದರೂ ಪೊಲಾರಿಸ್‌ಗೆ ಅದು ಉತ್ತರವಾಗಿರಲಿಲ್ಲ. ಕ್ಷಿಪಣಿ ಎಷ್ಟು ದೊಡ್ಡದಿತ್ತೆಂದರೆ ಒಂದು ಹಡಗಿನಲ್ಲಿ ಹಿಡಿಯುತ್ತಿದ್ದದ್ದು ಮೂರೇ.

ನಿಜವಾದ ತಿರುವು 1968ರಲ್ಲಿ ಸೇವೆಗೆ ಬಂದ ಆರ್-27. ಅಂಕಿಗಳನ್ನೇ ನೋಡಿ: ಆರ್-13ರ ತೂಕ 13.7 ಟನ್, ಎತ್ತರ 11.8 ಮೀಟರ್, ವ್ಯಾಪ್ತಿ 600 ಕಿ.ಮೀ. ಆರ್-27ರ ತೂಕ 14.2 ಟನ್, ಎತ್ತರ ಸುಮಾರು 9 ಮೀಟರ್, ವ್ಯಾಪ್ತಿ ಸುಮಾರು 2,500 ಕಿ.ಮೀ. ತೂಕ ಹೆಚ್ಚುಕಡಿಮೆ ಅಷ್ಟೇ, ಕ್ಷಿಪಣಿ ಇನ್ನೂ ಗಿಡ್ಡ, ದೂರ ಮಾತ್ರ ನಾಲ್ಕು ಪಟ್ಟು. ಜಲಾಂತರ್ಗಾಮಿಯಲ್ಲಿ ಎತ್ತರವೇ ಎಲ್ಲಕ್ಕಿಂತ ದುಬಾರಿ, ಏಕೆಂದರೆ ನೆಟ್ಟಗೆ ನಿಲ್ಲುವ ಕ್ಷಿಪಣಿ ಹಡಗಿನ ಒಡಲಿನ ವ್ಯಾಸದಲ್ಲೇ ಅಡಗಬೇಕು. ಮಕೇಯೆವ್ ಮತ್ತು ಇಸಾಯೆವ್ ಈ ಎತ್ತರವನ್ನು ಕಡಿದದ್ದು ಹೇಗೆ ಎಂಬುದು ಇಡೀ ಕಥೆಯ ತಿರುಳು.

ಸಾಮಾನ್ಯ ರಾಕೆಟಿನಲ್ಲಿ ಮೇಲೊಂದು ಟ್ಯಾಂಕು, ನಡುವೆ ಖಾಲಿ ಜಾಗ, ಕೆಳಗೊಂದು ಟ್ಯಾಂಕು, ಅದರಡಿಯಲ್ಲಿ ಎಂಜಿನ್ನಿಗೊಂದು ಕೋಣೆ ಇರುತ್ತವೆ. ಆರ್-27ರಲ್ಲಿ ಎರಡು ಟ್ಯಾಂಕುಗಳ ನಡುವೆ ಜಾಗವೇ ಇಲ್ಲ, ಒಂದೇ ಜೋಡಿ ತಳ ಎರಡನ್ನೂ ಬೇರ್ಪಡಿಸುತ್ತದೆ. ಎಂಜಿನ್ನಿಗೂ ಬೇರೆ ಕೋಣೆಯಿಲ್ಲ. ಅದನ್ನು ಇಂಧನದ ಟ್ಯಾಂಕಿನೊಳಗೇ, ದ್ರವದಲ್ಲಿ ಮುಳುಗಿಸಿ ಕೂರಿಸಿದರು. ರಷ್ಯನ್ ಎಂಜಿನಿಯರುಗಳು ಇದನ್ನು ‘ಮುಳುಗಿದವನು’ ಎಂದೇ ಕರೆಯುತ್ತಿದ್ದರು. ಒಡಲು ಅಲ್ಯೂಮಿನಿಯಂ-ಮೆಗ್ನೀಸಿಯಂ ಮಿಶ್ರಲೋಹದ್ದು. ಬಲ ಬೇಕಾದಲ್ಲಿ ಮಾತ್ರ ಏಣುಗಳನ್ನು ಉಳಿಸಿ ಉಳಿದೆಡೆ ಲೋಹವನ್ನು ತೆಳುವಾಗಿಸಿದ್ದರು. ಜೋಡಣೆಗೆ ನಟ್ಟು, ಬೋಲ್ಟು, ಗ್ಯಾಸ್ಕೆಟ್‌ಗಳನ್ನು ಆದಷ್ಟು ಬಿಟ್ಟು ಬೆಸುಗೆಯನ್ನೇ ನೆಚ್ಚಿದರು. ಇದರ ಪರಿಣಾಮ ಏನೆಂದರೆ, ಒಮ್ಮೆ ಬೆಸೆದ ಮೇಲೆ ಎಂಜಿನ್ ಬಿಚ್ಚಿ ನೋಡುವ ಮಾತಿಲ್ಲ. ಕೆಟ್ಟರೆ ರಿಪೇರಿಯಿಲ್ಲ, ಕೆಡದಂತೆಯೇ ಕಟ್ಟಬೇಕು.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು: ದ್ರವಗಳನ್ನು ಕಾರ್ಖಾನೆಯಲ್ಲೇ ತುಂಬಿ, ತುಂಬುವ ಬಾಯಿಯನ್ನೂ ಬೆಸೆದು ಮುಚ್ಚಿಬಿಟ್ಟರು. ಆಸ್ಪತ್ರೆಯಲ್ಲಿ ಗಾಜಿನ ಆಂಪ್ಯೂಲ್‌ನಲ್ಲಿ ಔಷಧ ಬರುವ ಹಾಗೆ. ಹೆಸರೂ ಅದೇ, ‘ಆಂಪ್ಯುಲೀಕರಣ’. ಹಡಗಿನವರು ಇಂಧನವನ್ನು ಮುಟ್ಟುವ ಪ್ರಸಂಗವೇ ಬರಬಾರದು ಎಂಬುದು ಉದ್ದೇಶ. ಹೀಗೆ ಮುಚ್ಚಿದ ಕ್ಷಿಪಣಿ ಮೊದಲಿಗೆ ಐದು ವರ್ಷ, ಆಮೇಲೆ ಅನುಭವ ಬಂದಂತೆ ಹತ್ತಕ್ಕೂ ಹೆಚ್ಚು ವರ್ಷ ಸೇವೆಯಲ್ಲಿರಬಲ್ಲದಾಯಿತು. ಪ್ರಾಜೆಕ್ಟ್ 667ಎ ಹಡಗು ಇಂಥ 16 ಕ್ಷಿಪಣಿಗಳನ್ನು ಹೊತ್ತಿತು, ಪೊಲಾರಿಸ್ ಹಡಗಿನಷ್ಟೇ. ಅಪಾಯವನ್ನು ಹಡಗಿನಿಂದ ಎತ್ತಿ ಕಾರ್ಖಾನೆಗೆ ಸಾಗಿಸಿದ್ದು ಮಕೇಯೆವ್ ಅವರ ಅತಿ ದೊಡ್ಡ ಸಾಧನೆ ಎಂದು ನನ್ನ ಅಭಿಪ್ರಾಯ. ವ್ಯಾಪ್ತಿ, ನಿಖರತೆಗಳೆಲ್ಲ ಆಮೇಲಿನವು.

ಹಾರಿಸುವ ಬಗೆಯೂ ಬೇರೆ. ಅಮೆರಿಕದ ಕ್ಷಿಪಣಿಯನ್ನು ಅನಿಲದ ಒತ್ತಡದಿಂದ ಕೊಳವೆಯಾಚೆ ಚಿಮ್ಮಿಸಿ, ನೀರಿನಿಂದ ಹೊರಬಂದ ಮೇಲೆ ಮೋಟಾರು ಹೊತ್ತಿಸುತ್ತಾರೆ. ಸೋವಿಯತ್ ವಿಧಾನ ‘ಒದ್ದೆ ಉಡಾವಣೆ’. ಮೊದಲು ಕ್ಷಿಪಣಿಯ ಟ್ಯಾಂಕುಗಳಿಗೆ ಒತ್ತಡ ಕೊಡುತ್ತಾರೆ, ಇಲ್ಲವಾದರೆ ತೆಳು ಗೋಡೆ ಹೊರಗಿನ ನೀರಿಗೆ ನಜ್ಜುಗುಜ್ಜಾದೀತು. ಬಳಿಕ ಕ್ಷಿಪಣಿಗೂ ಕೊಳವೆಗೂ ನಡುವಿನ ಸಂದಿಗೆ ಸಮುದ್ರದ ನೀರು ಬಿಡುತ್ತಾರೆ. ಒಳಗಿನ ಒತ್ತಡ ಹೊರಗಿನದಕ್ಕೆ ಸಮವಾದಾಗ ಮುಚ್ಚಳ ತೆರೆಯುತ್ತದೆ, ಎಂಜಿನ್ ಕೊಳವೆಯೊಳಗೇ, ನೀರಿನಲ್ಲೇ ಹೊತ್ತುತ್ತದೆ. ಹೊತ್ತಿದ ಕ್ಷಣದ ಹೊಡೆತ ಕ್ಷಿಪಣಿಯನ್ನೇ ಮುರಿಯಬಲ್ಲದು. ಅದನ್ನು ತಾಳಿಕೊಳ್ಳಲು ಬುಡದಲ್ಲಿ ಗಂಟೆಯಾಕಾರದ ಪೊಳ್ಳಿನಲ್ಲಿ ಅನಿಲವನ್ನು ಹಿಡಿದಿಟ್ಟು ಮೆತ್ತೆಯಂತೆ ಬಳಸಿದರು. ಇದರ ಕೊರತೆ ಸದ್ದು. ನೀರು ತುಂಬುವ ಪಂಪುಗಳ ಗದ್ದಲ ಹತ್ತಿರದಲ್ಲಿ ಹೊಂಚುಹಾಕಿದ ಶತ್ರುವಿನ ಸೋನಾರ್‌ಗೆ ಸುಳಿವು ಕೊಡುತ್ತದೆ.

ಇಷ್ಟೆಲ್ಲ ಮಾಡಿದರೂ ಆ ಎರಡು ದ್ರವಗಳು ಕೊಳವೆಯೊಳಗೆ ಇದ್ದೇ ಇದ್ದವಲ್ಲ. ಕಾರ್ಖಾನೆಯ ಬೆಸುಗೆ ಕ್ಷಿಪಣಿಯನ್ನು ಕಾಪಾಡುತ್ತದೆ. ಆದರೆ ಕ್ಷಿಪಣಿ ನಿಂತಿರುವ ಕೊಳವೆಯ ಮುಚ್ಚಳದ ಸೀಲು, ಕವಾಟ, ಕೊಳಾಯಿಗಳನ್ನು ಕಾಪಾಡುವುದು ಹಡಗಿನ ನಿರ್ವಹಣೆಯೇ. ಅಲ್ಲಿಂದ ನೀರು ಜಿನುಗಿದರೆ? ಕೆ-219 ಹಡಗಿಗೆ ಇದರ ಎಚ್ಚರಿಕೆ 1973ರಲ್ಲೇ ಸಿಕ್ಕಿತ್ತು. ಒಂದು ಕೊಳವೆಗೆ ನೀರು ನುಗ್ಗಿ, ಸೋರಿದ ಆಕ್ಸಿಡೈಸರ್ ಆಮ್ಲವಾಗಿ, ಆ ಕೊಳವೆಯನ್ನೇ ಶಾಶ್ವತವಾಗಿ ಮುಚ್ಚಬೇಕಾಯಿತು. ಅಂದಿನಿಂದ ಆ ಹಡಗು ಹೊತ್ತದ್ದು 15 ಕ್ಷಿಪಣಿ. 1986ರ ಅಕ್ಟೋಬರ್ 3ರಂದು, ಬರ್ಮುಡಾದಿಂದ ಈಶಾನ್ಯಕ್ಕೆ ಸುಮಾರು ಸಾವಿರ ಕಿ.ಮೀ. ದೂರದಲ್ಲಿ, ಅದೇ ಬಗೆಯ ಸೋರಿಕೆ 6ನೇ ಕೊಳವೆಯಲ್ಲಿ ಮರುಕಳಿಸಿತು. ನೀರಿನ ಒತ್ತಡಕ್ಕೆ ಕ್ಷಿಪಣಿಯ ತೆಳು ಒಡಲು ಕುಸಿಯಿತು, ದ್ರವಗಳು ಬೆರೆತವು, ಕೊಳವೆ ಸಿಡಿಯಿತು. ಕಂದು ಆವಿ ಪಕ್ಕದ ವಿಭಾಗಗಳಿಗೂ ಹರಡಿತು. ಕ್ಯಾಪ್ಟನ್ ಇಗೊರ್ ಬ್ರಿತಾನೊವ್ ಹಡಗನ್ನು ಮೇಲ್ಮೈಗೆ ತಂದರು. ರಿಯಾಕ್ಟರಿನ ನಿಯಂತ್ರಣ ಸರಳುಗಳು ದೂರದಿಂದ ಇಳಿಯದಿದ್ದಾಗ 20 ವರ್ಷದ ನಾವಿಕ ಸೆರ್ಗೆಯ್ ಪ್ರೆಮಿನಿನ್ ಬಿಸಿಯೇರಿದ ಕೋಣೆಗೆ ಹೋಗಿ ಕೈಯಿಂದಲೇ ಅವನ್ನು ಇಳಿಸಿದ. ಹೊರಬರುವಾಗ ಒತ್ತಡದ ವ್ಯತ್ಯಾಸದಿಂದ ಬಾಗಿಲು ತೆರೆಯಲಿಲ್ಲ, ಅವನು ಅಲ್ಲೇ ಉಳಿದ. ದುರಂತದಲ್ಲಿ ಅವನೂ ಸೇರಿ ನಾಲ್ವರು ಹಡಗಿನಲ್ಲೇ ಸತ್ತರು. ಮೂರು ದಿನದ ಬಳಿಕ ಹಡಗು ಸುಮಾರು ಐದೂವರೆ ಕಿ.ಮೀ. ಆಳಕ್ಕೆ ಮುಳುಗಿತು. ಪ್ರೆಮಿನಿನ್‌ಗೆ ‘ರಷ್ಯಾದ ವೀರ’ ಬಿರುದು ಬಂದದ್ದು 1997ರಲ್ಲಿ.

ಇದನ್ನು ಕೇವಲ ನಿರ್ವಹಣೆಯ ದೋಷ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಘನ ಇಂಧನದ ಕ್ಷಿಪಣಿಯ ಕೊಳವೆಗೂ ನೀರು ಜಿನುಗೀತು. ಆಗ ಕ್ಷಿಪಣಿ ಹಾಳಾದೀತು, ಹಡಗು ಸಾಮಾನ್ಯವಾಗಿ ಉಳಿದೀತು. ಅದೇ ಸಣ್ಣ ತಪ್ಪಿಗೆ ದ್ರವ ಇಂಧನ ವಿಧಿಸುವ ದಂಡ ಬಹಳ ದೊಡ್ಡದು.

ಹಾಗಿದ್ದೂ ರಷ್ಯನ್ನರು ಇದನ್ನು ಬಿಡದೇ ಇದ್ದದ್ದಕ್ಕೆ ಕಾರಣ ಕ್ಷಿಪಣಿಯ ತೂಕದ ಲೆಕ್ಕದಲ್ಲಿದೆ. 1974ರಲ್ಲಿ ಬಂದ ಎರಡು ಹಂತದ ಆರ್-29 ಕೇವಲ 33.3 ಟನ್ ತೂಗುತ್ತಿದ್ದರೂ 7,800 ಕಿ.ಮೀ. ಹಾರುತ್ತಿತ್ತು. ಹಡಗಿಗೆ ತಾನಿರುವ ಜಾಗ ಕರಾರುವಾಕ್ಕಾಗಿ ತಿಳಿಯದಿರುವ ದೋಷವನ್ನು ಅದು ದಾರಿಯಲ್ಲಿ ನಕ್ಷತ್ರ ನೋಡಿ ತಿದ್ದಿಕೊಳ್ಳುತ್ತಿತ್ತು. ಇದರಿಂದ ನೌಕಾತಂತ್ರವೇ ಬದಲಾಯಿತು. ಅಲ್ಲಿಯವರೆಗೆ ಸೋವಿಯತ್ ಹಡಗುಗಳು ನ್ಯಾಟೋ ಪಹರೆಯ ಗೆರೆ ದಾಟಿ ಅಟ್ಲಾಂಟಿಕ್‌ಗೆ ಹೋಗಬೇಕಿತ್ತು. ಈಗ ಬ್ಯಾರೆಂಟ್ಸ್, ಅಖೋಟ್ಸ್ಕ್ ಸಮುದ್ರಗಳಲ್ಲಿ ತಮ್ಮದೇ ಪಡೆಗಳ ರಕ್ಷಣೆಯಲ್ಲಿ ನಿಂತು ಅಮೆರಿಕವನ್ನು ಗುರಿಯಾಗಿಸಬಹುದಾಯಿತು.

ಘನ ಇಂಧನಕ್ಕೆ ಅವರು ಪ್ರಯತ್ನಿಸಲಿಲ್ಲವೆಂದಲ್ಲ. ಮಕೇಯೆವ್ ಕಚೇರಿಯೇ ಆರ್-39 ಎಂಬ ಘನ ಇಂಧನದ ಕ್ಷಿಪಣಿ ಮಾಡಿತು. ಅದರ ತೂಕ 90 ಟನ್! ಅದನ್ನು 20ರಂತೆ ಹೊರಲು ಮುಳುಗಿದಾಗ 48,000 ಟನ್ ತೂಗುವ ‘ಟೈಫೂನ್’ ವರ್ಗದ ಹಡಗನ್ನೇ ಕಟ್ಟಬೇಕಾಯಿತು, ಇಂದಿಗೂ ಜಗತ್ತಿನ ಅತಿ ದೊಡ್ಡ ಜಲಾಂತರ್ಗಾಮಿ ವರ್ಗ ಅದು. ಅದೇ ದಶಕದಲ್ಲಿ, 1986ರಲ್ಲಿ, ಅದೇ ಕಚೇರಿಯಿಂದ ಬಂದ ದ್ರವ ಇಂಧನದ ಆರ್-29ಆರ್‌ಎಂ 40.3 ಟನ್ ತೂಕದಲ್ಲಿ 2.8 ಟನ್ ಸಿಡಿತಲೆ ಹೊರೆಯನ್ನು 8,000 ಕಿ.ಮೀ. ಮೀರಿ ಒಯ್ಯುತ್ತಿತ್ತು. 90 ಟನ್ನಿನ ಆರ್-39 ಒಯ್ಯುತ್ತಿದ್ದದ್ದು 2.55 ಟನ್. ಅಮೆರಿಕದ ಟ್ರೈಡೆಂಟ್-2 ಕೂಡ 2.8 ಟನ್ ಹೊರೆಗೆ ಸುಮಾರು 59 ಟನ್ ತೂಗುತ್ತದೆ. ಆರ್-29ಆರ್‌ಎಂನ ಮೂರನೇ ಹಂತ ಮತ್ತು ಸಿಡಿತಲೆಗಳನ್ನು ಹಂಚುವ ಹಂತ ಒಂದೇ ಟ್ಯಾಂಕುಗಳನ್ನು ಹಂಚಿಕೊಳ್ಳುತ್ತವೆ. ಎಲ್ಲೂ ಒಂದು ಕಿಲೋ ಅನವಶ್ಯಕ ಲೋಹ ಉಳಿಸಬಾರದೆಂಬ ಹಟ ಅದರಲ್ಲಿ ಕಾಣುತ್ತದೆ. ತೂಕಕ್ಕೆ ತಕ್ಕ ಕೆಲಸ ಎಂಬ ಒಂದೇ ಅಳತೆಗೋಲು ಹಿಡಿದರೆ ಜಗತ್ತಿನಲ್ಲಿ ಇದಕ್ಕೆ ಸಾಟಿಯಾದ ನೌಕಾ ಕ್ಷಿಪಣಿ ಇಲ್ಲ.

1991ರ ಆಗಸ್ಟ್ 6ರಂದು ಕೆ-407 ‘ನೊವೊಮಸ್ಕೊವ್ಸ್ಕ್’ ತನ್ನ 16 ಕ್ಷಿಪಣಿಗಳನ್ನೂ ನೀರಿನಡಿಯಿಂದ ಒಂದರ ಹಿಂದೊಂದು ಹಾರಿಸಿತು. ಹಿಡಿದ ಸಮಯ 3 ನಿಮಿಷ 44 ಸೆಕೆಂಡ್. ಸುಮಾರು 14 ಸೆಕೆಂಡಿಗೊಮ್ಮೆ 40 ಟನ್ ಹೊರಹೋಗಿ, ಆ ಜಾಗಕ್ಕೆ ನೀರು ನುಗ್ಗುವಾಗ ಹಡಗನ್ನು ಒಂದೇ ಆಳದಲ್ಲಿ ಅಲುಗದಂತೆ ಹಿಡಿಯುವುದು ಕ್ಷಿಪಣಿ ಹಾರಿಸುವುದಕ್ಕಿಂತ ಕಷ್ಟದ ಕೆಲಸ. 1989ರಲ್ಲಿ ಇದೇ ಪ್ರಯತ್ನ ಕ್ಷಿಪಣಿಯ ದೋಷದಿಂದ ವಿಫಲವಾಗಿತ್ತು. ಇದೇ ಹಡಗು 1998ರ ಜುಲೈ 7ರಂದು ಅದೇ ಮಾದರಿಯ ರಾಕೆಟಿನಿಂದ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ಎರಡು ಪುಟ್ಟ ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಜಲಾಂತರ್ಗಾಮಿಯಿಂದ ಉಪಗ್ರಹ ಉಡಾವಣೆ ಅದೇ ಮೊದಲು.

ಸೋವಿಯತ್ ಒಕ್ಕೂಟ ಕುಸಿದ ಮೇಲೆ ಘನ ಇಂಧನವೇ ಮುಂದಿನ ದಾರಿ ಎಂದು ಮಾಸ್ಕೋ ತೀರ್ಮಾನಿಸಿತು. ಆರ್-39ರ ಉತ್ತರಾಧಿಕಾರಿ ‘ಬಾರ್ಕ್’ ಮೂರು ಪರೀಕ್ಷೆಗಳಲ್ಲೂ ಸೋತು 1998ರಲ್ಲಿ ರದ್ದಾಯಿತು. ಕೆಲಸ ಮಕೇಯೆವ್ ಕಚೇರಿಯಿಂದ ಮಾಸ್ಕೋದ ತಾಪ ತಂತ್ರಜ್ಞಾನ ಸಂಸ್ಥೆಗೆ ಹೋಯಿತು. ಅಲ್ಲಿ ಹುಟ್ಟಿದ ‘ಬುಲಾವಾ’ 36.8 ಟನ್ ತೂಗಿ 1.15 ಟನ್ ಮಾತ್ರ ಒಯ್ಯುತ್ತದೆ. ಮೊದಲ ವರ್ಷಗಳ ಪರೀಕ್ಷೆಗಳಲ್ಲಿ ಅದು ಮತ್ತೆಮತ್ತೆ ಬಿದ್ದಿತು. ಆ ಅಂತರವನ್ನು ತುಂಬಿದ್ದು 2007ರಲ್ಲಿ ಸೇವೆಗೆ ಬಂದ ಸಿನೆವಾ, ಅಂದರೆ ಆರ್-29ಆರ್‌ಎಂನ ಸುಧಾರಿತ ರೂಪ. 2008ರ ಅಕ್ಟೋಬರ್ 11ರಂದು ‘ತುಲಾ’ ಹಡಗಿನಿಂದ ಅದು 11,547 ಕಿ.ಮೀ. ಹಾರಿತು.

ಈ ತಂತ್ರವನ್ನು ನಕಲು ಮಾಡುವುದು ಸುಲಭವಲ್ಲ ಎಂಬುದಕ್ಕೆ ಉತ್ತರ ಕೊರಿಯಾವೇ ಸಾಕ್ಷಿ. 1992ರಲ್ಲಿ ಸಂಬಳವಿಲ್ಲದೆ ಕಂಗಾಲಾಗಿದ್ದ ಮಕೇಯೆವ್ ಕಚೇರಿಯ ತಜ್ಞರ ತಂಡವೊಂದನ್ನು, ಪ್ಯೊಂಗ್ಯಾಂಗ್‌ಗೆ ಹೊರಟಿದ್ದಾಗ, ಮಾಸ್ಕೋ ವಿಮಾನ ನಿಲ್ದಾಣದಲ್ಲಿ ತಡೆಯಲಾಯಿತು. ಆದರೂ ಆರ್-27ರ ಜ್ಞಾನ ಅಲ್ಲಿಗೆ ತಲುಪಿತು, ‘ಮುಸುದಾನ್’ ಕ್ಷಿಪಣಿ ಅದರ ಸಂತಾನ ಎಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. 2016ರಲ್ಲಿ ಅದನ್ನು ಎಂಟು ಬಾರಿ ಹಾರಿಸಿದರು. ಕೆಲಸ ಮಾಡಿದ್ದು ಒಮ್ಮೆ, ಜೂನ್ 22ರಂದು. ಮುಳುಗಿದ ಎಂಜಿನ್ನಿನ ಬೆಸುಗೆ, ಲೋಹದ ಗುಣಮಟ್ಟ, ಅತಿ ಒತ್ತಡದ ಪಂಪುಗಳ ನಾಜೂಕು ಇವೆಲ್ಲ ನಕ್ಷೆಯ ಜೊತೆ ಬರುವುದಿಲ್ಲ. ಉತ್ತರ ಕೊರಿಯಾ ತನ್ನ ಜಲಾಂತರ್ಗಾಮಿಗೆ ಕೊನೆಗೆ ಆರಿಸಿಕೊಂಡದ್ದು ಘನ ಇಂಧನದ ಪುಕ್ಗುಕ್ಸಾಂಗ್ ಸರಣಿಯನ್ನು.

ಭಾರತ ಈ ಪಾಠವನ್ನು ಬೇರೆ ದಾರಿಯಿಂದ ಕಲಿಯಿತು. ‘ಪೃಥ್ವಿ’ಯ ಎಂಜಿನ್ನಿನ ಮೂಲ ಎಸ್-75 ವಿಮಾನ ನಿರೋಧಕ ಕ್ಷಿಪಣಿಯ ಎಂಜಿನ್, ಅದರ ವಿನ್ಯಾಸಕಾರ ಇದೇ ಇಸಾಯೆವ್. ಪೃಥ್ವಿಯನ್ನು ಹಡಗಿಗೆ ಹೊಂದಿಸಿದ್ದು ‘ಧನುಷ್’. 2000ರ ಏಪ್ರಿಲ್‌ನಲ್ಲಿ ಐಎನ್‌ಎಸ್ ಸುಭದ್ರಾದಿಂದ ನಡೆದ ಅದರ ಮೊದಲ ಪರೀಕ್ಷೆ ಗುರಿ ಮುಟ್ಟಲಿಲ್ಲ. ಓಲಾಡುವ ಹಡಗಿನ ಡೆಕ್ಕಿನ ಮೇಲೆ ಆಮ್ಲ ತುಂಬಿದ ಕ್ಷಿಪಣಿಯನ್ನು ಎತ್ತಿ ನಿಲ್ಲಿಸುವ ಕೆಲಸ 1955ರ ಬಿ-67 ಹಡಗಿನಷ್ಟೇ ಹಳೆಯದು, ಅಷ್ಟೇ ಒರಟು. ಅರಿಹಂತ್ ಜಲಾಂತರ್ಗಾಮಿಗೆ ಬಂದಾಗ ಡಿಆರ್‌ಡಿಒ ಆ ದಾರಿಯನ್ನು ಬಿಟ್ಟಿತು. 750 ಕಿ.ಮೀ. ವ್ಯಾಪ್ತಿಯ ಕೆ-15, 3,500 ಕಿ.ಮೀ.ಯ ಕೆ-4 ಎರಡೂ ಘನ ಇಂಧನದವು. ದೇಶಕ್ಕೆ ಬೇಕಿದ್ದ ದೂರ ಮತ್ತು ಹೊರೆ ಅಷ್ಟರಲ್ಲೇ ಸಿಗುವಾಗ ದ್ರವದ ಅಪಾಯವನ್ನು ಹಡಗಿನೊಳಗೆ ತರಲು ಕಾರಣವಿರಲಿಲ್ಲ, ಆ ತೀರ್ಮಾನ ಸರಿ.

ಈಗಿನ ಪ್ರಶ್ನೆಗೆ ಬರೋಣ. ಅಮೆರಿಕ ಮತ್ತು ರಷ್ಯಾ ನಿಯೋಜಿಸಬಹುದಾದ ಸಿಡಿತಲೆಗಳನ್ನು 1,550ಕ್ಕೆ ಕಟ್ಟಿಹಾಕಿದ್ದ ಹೊಸ ಸ್ಟಾರ್ಟ್ ಒಪ್ಪಂದದ ಅವಧಿ 2026ರ ಫೆಬ್ರವರಿ 5ಕ್ಕೆ ಮುಗಿಯಿತು. ಮಿತಿ ಇದ್ದಾಗ ಒಂದು ಕ್ಷಿಪಣಿಯ ಮೇಲೆ ಹೆಚ್ಚು ಹೊರೆ ಹೇರುವ ಸಾಮರ್ಥ್ಯಕ್ಕೆ ಹೆಚ್ಚು ಬೆಲೆಯಿರಲಿಲ್ಲ. ಮಿತಿ ಹೋದ ಮೇಲೆ ಬುಲಾವಾದ 1.15 ಟನ್ನಿಗೂ ಸಿನೆವಾದ 2.8 ಟನ್ನಿಗೂ ನಡುವಿನ ಅಂತರ ಮತ್ತೆ ಲೆಕ್ಕಕ್ಕೆ ಬರುತ್ತದೆ. ಹೆಚ್ಚು ಸಿಡಿತಲೆ, ಅವುಗಳ ಜೊತೆ ಹೆಚ್ಚು ಹುಸಿ ಗುರಿಗಳು. ಹಾಗೆಂದು ರಷ್ಯಾ ಹೊಸ ಜಲಾಂತರ್ಗಾಮಿಗಳಿಗೆ ದ್ರವ ಇಂಧನದ ಕ್ಷಿಪಣಿ ಕಟ್ಟುತ್ತಿಲ್ಲ, ‘ಬೊರೆಯ್’ ವರ್ಗದ ಹಡಗುಗಳಿಗೆ ಬುಲಾವಾ ಒಂದೇ. ಮಕೇಯೆವ್ ಕಚೇರಿಯ ದ್ರವ ಇಂಧನದ ಪರಿಣತಿ ಈಗ ನೆಲದಡಿಯ ಬಾವಿಯಿಂದ ಹಾರುವ ‘ಸರ್ಮಾತ್’ ಕಡೆಗೆ ತಿರುಗಿದೆ. 208 ಟನ್ನಿನ ಆ ಕ್ಷಿಪಣಿ 2022ರ ಏಪ್ರಿಲ್‌ನಲ್ಲಿ ಒಮ್ಮೆ ಯಶಸ್ವಿಯಾಗಿ ಹಾರಿತು. 2024ರ ಸೆಪ್ಟೆಂಬರ್‌ನಲ್ಲಿ ಪ್ಲೆಸೆಟ್ಸ್ಕ್‌ನ ಉಡಾವಣಾ ಬಾವಿ ಇದ್ದ ಜಾಗದಲ್ಲಿ ಉಪಗ್ರಹ ಚಿತ್ರಗಳಿಗೆ ಕಂಡದ್ದು ಸುಮಾರು 60 ಮೀಟರ್ ಅಗಲದ ಕುಳಿ. ಅದೇ ಸ್ಫೋಟ ಹಡಗೊಂದರ ಒಡಲಲ್ಲಿ ಆಗಿದ್ದರೆ ಚಿತ್ರ ತೆಗೆಯಲು ಏನೂ ಉಳಿಯುತ್ತಿರಲಿಲ್ಲ.

ಸಿನೆವಾ ಹೊತ್ತ ಪ್ರಾಜೆಕ್ಟ್ 667ಬಿಡಿಆರ್‌ಎಂ ಹಡಗುಗಳು ಗಾಜಿಯೆವೊ ನೆಲೆಯಲ್ಲಿವೆ. ಕಟ್ಟಿದ್ದು ಏಳು. ಅವುಗಳಲ್ಲಿ ಒಂದನ್ನು ಬೇರೆ ಕೆಲಸಕ್ಕೆ ಮಾರ್ಪಡಿಸಿದ್ದಾರೆ, ‘ಎಕಟೆರಿನ್‌ಬರ್ಗ್’ ಸೇವೆಯಿಂದ ಹೊರಬಿದ್ದಿದೆ. ಉಳಿದವಕ್ಕೂ 35 ವರ್ಷ ದಾಟಿದೆ. ಒಂದೊಂದು ಹಡಗು ಹೋದಂತೆ ಅದರ 16 ಕ್ಷಿಪಣಿಗಳನ್ನು ಇಳಿಸಿ, ಬೆಸೆದು ಮುಚ್ಚಿದ ಟ್ಯಾಂಕುಗಳನ್ನು ತೆರೆದು, ಆ ಎರಡು ದ್ರವಗಳನ್ನು ಬೇರೆಬೇರೆಯಾಗಿ ಹೊರತೆಗೆಯಬೇಕು. ಹಡಗಿನವರು ಎಂದೂ ಮುಟ್ಟಬಾರದೆಂದು ಕಾರ್ಖಾನೆಯಲ್ಲಿ ಮುಚ್ಚಿದ ಆಂಪ್ಯೂಲ್‌ಗಳನ್ನು ಈಗ ಮುಖಗವುಸು ಹಾಕಿಕೊಂಡ ಕಾರ್ಮಿಕರು ಕೈಯಾರೆ ಬಿಚ್ಚಬೇಕಾಗಿದೆ.